ಜರ್ಮನ್ ಮನೆತನದ ದಫ್ತರ, ನಮ್ಮ ಟ್ರಂಕಿನ ಕಾಗದ
(ಪುಣೆಯ ಕೋಥರೂಡದಲ್ಲಿ ಕನ್ನಡ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಜರ್ಮನಿಯಿಂದ ಬಂದು ಕನ್ನಡ ನಾಡಿನಲ್ಲಿ ನೆಲೆಸಿದ ಮನೆತನಗಳ ಪೂರ್ವಜರನ್ನು ಹಳೆಯ ಉಯಿಲು ಮತ್ತು ದಾಖಲೆಗಳ ಮೂಲಕ ಹುಡುಕುವ ಬಗೆ ಯಾವುದು ಎಂಬುದು ಇಂದಿನ ನಮ್ಮ ಮಾತಿನ ವಿಷಯ. ಇದನ್ನು ಕೇಳಿ ಕೆಲವರು ನಕ್ಕಿರಬಹುದು. ದಿನವಿಡೀ ಭಟ್ಟಿಯ ಮುಂದೆ ನಿಂತವರಿಗೆ, ಗಿರಣಿಯ ಸದ್ದಿನಲ್ಲಿ ಕಿವಿ ಕಳೆದುಕೊಂಡವರಿಗೆ ಜರ್ಮನರ ಅಜ್ಜ ಮುತ್ತಜ್ಜಂದಿರು ಏಕೆ ಬೇಕು ಎಂದು ಕೇಳುವುದು ನ್ಯಾಯವೇ. ಆದರೆ ಈ ಮಾತಿನ ಕೊನೆಯಲ್ಲಿ ನಾವು ಬಂದು ನಿಲ್ಲುವುದು ನಮ್ಮ ನಮ್ಮ ಕೋಣೆಯ ಮಂಚದ ಕೆಳಗಿರುವ ತಗಡಿನ ಟ್ರಂಕಿನ ಬಳಿಯಲ್ಲೇ. ಅಲ್ಲಿಯವರೆಗೆ ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇವೆ.

ನಾವು ಕೂಡಿರುವ ಈ ಕೋಥರೂಡವನ್ನೇ ನೋಡಿರಿ. ಈಗ ಇದು ಎತ್ತರದ ಕಟ್ಟಡಗಳ ಬಡಾವಣೆ. ಹಿಂದೆ ಪುಣೆಯ ಹೊರಗಿನ ಒಂದು ಹಳ್ಳಿಯಾಗಿತ್ತು. ಇಲ್ಲಿನ ಹಳೆಯ ರೈತ ಮನೆತನದವರು ಸಾತ್‌ಬಾರಾ ಉತಾರ ತೆಗೆಸಿದರೆ ಅಜ್ಜನ ಹೆಸರು ಸಿಗುತ್ತದೆ. ಫೇರ್‌ಫಾರ್ ನೋಡಿದರೆ ಅವನು ಸತ್ತ ಮೇಲೆ ಯಾರ ಯಾರ ಹೆಸರು ಏರಿತು ಎಂಬುದೂ ಸಿಗುತ್ತದೆ. ಅದೇ ಹೊಲದ ಮೇಲೆ ಎದ್ದ ಕಟ್ಟಡಕ್ಕೆ ಕಲ್ಲು ಹೊತ್ತವನ ಹೆಸರು, ಅದರ ಕೆಳಗಿನ ಹೋಟೆಲಿನಲ್ಲಿ ಇಡ್ಲಿ ಬೇಯಿಸಿದವನ ಹೆಸರು ಯಾವ ಉತಾರದಲ್ಲಿದೆ? ಭೂಮಿ ಇದ್ದವನನ್ನು ಸರಕಾರ ಬರೆದುಕೊಳ್ಳುತ್ತದೆ; ದುಡಿದವನನ್ನು ಬರೆದುಕೊಳ್ಳುವವರು ಯಾರು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಇನ್ನು ಜರ್ಮನರ ವಿಷಯಕ್ಕೆ ಬರೋಣ.

1834ರ ಅಕ್ಟೋಬರದಲ್ಲಿ ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನ ಊರು. ಆದರೆ ಅಲ್ಲಿಂದ ಬಂದವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದವರು. ಅವರ ಹಿಂದೆ ಮೋಗ್ಲಿಂಗ್ ಬಂದರು. 1843ರ ಜುಲೈಯಲ್ಲಿ ‘ಮಂಗಳೂರ ಸಮಾಚಾರ’ ಎಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದವರು ಅವರೇ. ಕಿಟ್ಟೆಲ್ ಬಂದರು; 1894ರಲ್ಲಿ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಇವರು ವಿದ್ವಾಂಸರು, ಇವರ ಹೆಸರು ಶಾಲೆಯ ಪುಸ್ತಕದಲ್ಲಿದೆ. ಇವರ ಜೊತೆಗೆ ಕುಶಲ ಕೆಲಸಗಾರರೂ ಬಂದರು. ಹಾಲರ್ ಎಂಬ ನೇಕಾರ ಬಲ್ಮಠದ ನೇಯ್ಗೆ ಕಾರ್ಖಾನೆಯನ್ನು ನಡೆಸಿದ; ಖಾಕಿ ಬಣ್ಣವನ್ನು ಕಂಡುಹಿಡಿದವನು ಅವನೇ ಎಂದು ಮಂಗಳೂರಿನವರು ಇಂದಿಗೂ ಹೇಳುತ್ತಾರೆ. ಪ್ಲೆಬ್ಸ್ಟ್ ಎಂಬವನು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ. ನಮ್ಮಲ್ಲಿ ಮಂಗಳೂರು ಹೆಂಚಿನ ಮಾಡಿನ ಕೆಳಗೆ ಹುಟ್ಟಿದವರು ಎಷ್ಟು ಮಂದಿ ಇಲ್ಲ!

ಈ ಜರ್ಮನರ ಮೊಮ್ಮಕ್ಕಳೂ ಮರಿಮಕ್ಕಳೂ ತಮ್ಮ ಹಿರಿಯರನ್ನು ಹುಡುಕಲು ಹೊರಟರೆ ಅವರಿಗೆ ಕಾಗದದ ಕೊರತೆಯಿಲ್ಲ. ಜರ್ಮನಿಯ ಹಳ್ಳಿಯ ಚರ್ಚುಗಳು 16ನೆಯ ಶತಮಾನದಿಂದ ಜನನ, ಮದುವೆ, ಮರಣಗಳನ್ನು ಬರೆದಿಡುತ್ತ ಬಂದವು. 1876ರಿಂದ ಇಡೀ ಜರ್ಮನಿಯಲ್ಲಿ ಸರಕಾರವೇ ಅದನ್ನು ಬರೆಯತೊಡಗಿತು. ಬಾಸೆಲಿನ ಮಿಶನ್ನು ತನ್ನ ಒಬ್ಬೊಬ್ಬ ನೌಕರನಿಗೂ ಒಂದೊಂದು ಕಡತ ಇಟ್ಟಿತು: ಯಾವ ಊರಿನವನು, ತಂದೆಯ ಕಸುಬು ಯಾವುದು, ಯಾವ ಹಡಗಿನಲ್ಲಿ ಹೋದ, ಯಾರನ್ನು ಮದುವೆಯಾದ. ಮದುವೆಗೂ ಮೇಲಿನವರ ಅಪ್ಪಣೆ ಬೇಕಾಗಿತ್ತು. ಆದುದರಿಂದ ಮದುವೆಯ ಅರ್ಜಿಯೂ ಕಡತದಲ್ಲಿ ಉಳಿಯಿತು! ಈ ಕಾಗದಗಳು ಇಂದೂ ಬಾಸೆಲಿನ ದಫ್ತರದಲ್ಲಿವೆ. ಮಂಗಳೂರಿನ ಬಲ್ಮಠದ ಥಿಯೊಲಾಜಿಕಲ್ ಕಾಲೇಜಿನಲ್ಲಿಯೂ ಹಳೆಯ ದಾಖಲೆಗಳ ಭಂಡಾರವೊಂದಿದೆ. ಇದಲ್ಲದೆ ಇಂಗ್ಲಿಷರ ಕಾಲದಲ್ಲಿ ಬಂಗಾಲ, ಮದರಾಸು, ಮುಂಬಯಿ ಪ್ರಾಂತಗಳ ಚರ್ಚುಗಳ ಜನನ–ಮದುವೆ–ಮರಣದ ಪಟ್ಟಿಗಳ ನಕಲುಗಳು ಲಂಡನ್ನಿಗೆ ಹೋಗುತ್ತಿದ್ದವು. ಇಲ್ಲಿ ಸತ್ತ ಯುರೋಪಿಯನರ ಉಯಿಲುಗಳ ನಕಲೂ, ಅವರು ಬಿಟ್ಟುಹೋದ ಸಾಮಾನಿನ ಪಟ್ಟಿಯೂ ಹೋಗುತ್ತಿದ್ದವು. ಸತ್ತವನ ಕುರ್ಚಿ ಎಷ್ಟು, ಚಮಚ ಎಷ್ಟು ಎಂಬುದೂ ಅಂಥ ಪಟ್ಟಿಯಲ್ಲಿ ಸಿಗುತ್ತದೆ.

ಇಷ್ಟೆಲ್ಲ ಕಾಗದವಿದ್ದರೂ ಹುಡುಕುವುದು ಸುಲಭವಲ್ಲ. ಅದಕ್ಕೆ ಮೂರು ಉದಾಹರಣೆ ಕೊಡುತ್ತೇವೆ.

ಮೊದಲನೆಯದು ಹೆಣ್ಣುಮಕ್ಕಳ ಹೆಸರಿನದು. 1842ರಲ್ಲಿ ತಲಚೇರಿಯಲ್ಲಿ ಮಲೆಯಾಳ ನಿಘಂಟುಕಾರ ಗುಂಡರ್ಟ್ ಅವರ ಮನೆಯಲ್ಲಿ ಮರಿ ಎಂಬ ಹುಡುಗಿ ಹುಟ್ಟಿದಳು. 1865ರಲ್ಲಿ ಅವಳು ಇಸೆನ್‌ಬರ್ಗ್ ಎಂಬವನನ್ನು ಮದುವೆಯಾದಳು. ಅವನು 1870ರಲ್ಲಿ ತೀರಿಕೊಂಡ. 1874ರಲ್ಲಿ ಹೆಸ್ಸೆ ಎಂಬವನನ್ನು ಮದುವೆಯಾದಳು. ಇಬ್ಬರು ಗಂಡಂದಿರೂ ಮಿಶನ್ನಿನ ಕೆಲಸಕ್ಕೆಂದು ಈ ದೇಶಕ್ಕೆ ಬಂದಿದ್ದವರೇ. ಅವಳ ಮಗ ಹರ್ಮನ್ ಹೆಸ್ಸೆ ದೊಡ್ಡ ಸಾಹಿತಿಯಾಗಿ 1946ರಲ್ಲಿ ನೊಬೆಲ್ ಬಹುಮಾನ ಪಡೆದ. ಗುಂಡರ್ಟ್, ಇಸೆನ್‌ಬರ್ಗ್, ಹೆಸ್ಸೆ ಎಂದು ಮೂರು ರಿಜಿಸ್ಟರಿನಲ್ಲಿ ಮೂರು ಹೆಸರು, ಮನುಷ್ಯಳು ಒಬ್ಬಳೇ. ನಡುವಿನ ಮದುವೆಯನ್ನು ಅರಿಯದೆ ಹುಡುಕಿದವನಿಗೆ ಮಗಳು ಎಲ್ಲಿ ಹೋದಳೆಂಬುದೇ ತಿಳಿಯದು.

ಎರಡನೆಯದು ಒಂದೇ ಸೂರಿನ ಕೆಳಗೆ ಬೇರೆ ಬೇರೆ ಹೆಸರಿನದು. ಮೋಗ್ಲಿಂಗ್ ಅವರ ಬಂಧುವೂ ಜೊತೆಗಾರನೂ ಆದ ವೈಗ್ಲೆ ತೀರಿಕೊಂಡ ಮೇಲೆ ಅವನ ವಿಧವೆಯನ್ನು ಮೋಗ್ಲಿಂಗ್ ಮದುವೆಯಾಗಿ ನಾಲ್ಕು ಮಕ್ಕಳಿಗೆ ತಂದೆಯಾದರು. ಹುಟ್ಟಿಸಿದವನು ಒಬ್ಬ, ಸಾಕಿದವನು ಇನ್ನೊಬ್ಬ. ರಿಜಿಸ್ಟರು ಮೊದಲನೆಯವನನ್ನು ಹೇಳುತ್ತದೆ, ಮಕ್ಕಳ ನೆನಪು ಎರಡನೆಯವನನ್ನು ಹೇಳುತ್ತದೆ. ಎರಡೂ ನಿಜವೇ.

ಮೂರನೆಯದು ನಮ್ಮವನದೇ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ತರುಣ 1844ರಲ್ಲಿ ಕ್ರೈಸ್ತನಾದ. ಮೋಗ್ಲಿಂಗ್ ಅವರ ಹೆಸರನ್ನೇ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾದ. ಬಾಸೆಲಿಗೆ ಹೋಗಿ ಓದಿ ಪಾದ್ರಿಯಾಗಿ ಮರಳಿದ. 1860ರಲ್ಲಿ ಜರ್ಮನ್ ಹೆಣ್ಣನ್ನು ಮದುವೆಯಾದ. 1893ರಲ್ಲಿ ತೀರಿಕೊಂಡ. ಈ ಮನೆತನದ ಬೇರು ಹುಡುಕುವವನು ಜರ್ಮನಿಯ ಚರ್ಚಿನ ಪುಸ್ತಕವನ್ನು ತೆರೆದರೆ ಅರ್ಧ ಕಥೆ ಮಾತ್ರ ಸಿಕ್ಕೀತು. ಉಳಿದರ್ಧಕ್ಕೆ ಮಂಗಳೂರಿಗೇ ಬರಬೇಕು. ಜಾತಿ, ಮತ, ದೇಶಗಳ ಬೇಲಿಗಳನ್ನು ನಾವು ಎಷ್ಟೇ ಗಟ್ಟಿಯಾಗಿ ಹಾಕಲಿ, ಹಳೆಯ ಕಾಗದಗಳು ಅದನ್ನು ದಾಟಿಯೇ ಹೋಗುತ್ತವೆ.

ಈ ಮಿಶನರಿಗಳ ಬದುಕಿನಲ್ಲಿ ನಮ್ಮ ಮನಸ್ಸಿಗೆ ನಾಟುವ ಒಂದು ಸಂಗತಿಯುಂಟು. ಅವರು ತಮ್ಮ ಮಕ್ಕಳನ್ನು ಆರೇಳು ವರ್ಷವಾಗುತ್ತಲೇ ಹಡಗು ಹತ್ತಿಸಿ ಯುರೋಪಿಗೆ ಕಳಿಸುತ್ತಿದ್ದರು. ಬಾಸೆಲಿನಲ್ಲಿ ಅದಕ್ಕಾಗಿಯೇ ಮಕ್ಕಳ ಮನೆಯೊಂದಿತ್ತು. ಅನೇಕ ಮಕ್ಕಳು ತಂದೆತಾಯಿಯರನ್ನು ಮತ್ತೆ ಕಂಡದ್ದು ಎಷ್ಟೋ ವರ್ಷಗಳ ಮೇಲೆ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಊರಿನವರ ಕೈಹಿಡಿದು ಬಂದು ಹೋಟೆಲಿನ ಮಾಣಿಯಾದವರು ನಮ್ಮ ಹಿರಿಯರಲ್ಲಿ ಎಷ್ಟು ಮಂದಿ! ತಾಯಿಯ ಮಡಿಲಿನಿಂದ ದೂರ ಹೋದ ಹುಡುಗನ ದುಃಖ ಜರ್ಮನಿಯಲ್ಲೂ ಒಂದೇ, ಕುಂದಾಪುರದಲ್ಲೂ ಒಂದೇ. ವ್ಯತ್ಯಾಸವೆಂದರೆ ಆ ಹುಡುಗನ ಹೆಸರನ್ನು ಒಬ್ಬ ಗುಮಾಸ್ತ ಬರೆದುಕೊಂಡ. ನಮ್ಮ ಮಾಣಿಯ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಹೆಚ್ಚೆಂದರೆ ಮಾಲಕರ ಉದ್ರಿ ಪುಸ್ತಕದಲ್ಲಿ ‘ಮುಂಗಡ’ ಎಂಬ ಅಂಕಣದಲ್ಲಿ ಬಂದಿರಬೇಕು.

ಈ ಕಥೆ ಪುಣೆಯ ಸುತ್ತಮುತ್ತಲಿಗೂ ತಾಗುತ್ತದೆ. 1914ರಲ್ಲಿ ಮಹಾಯುದ್ಧ ಹೊತ್ತಿಕೊಂಡಾಗ ಜರ್ಮನ್ ಪ್ರಜೆಗಳಾದ ಮಿಶನರಿಗಳನ್ನು ಇಂಗ್ಲಿಷರು ಶತ್ರುಗಳೆಂದು ಎಣಿಸಿ, ಇಲ್ಲಿಗೆ ಹತ್ತಿರದ ಅಹಮದ್‌ನಗರದ, ಅಂದರೆ ಈಗಿನ ಅಹಿಲ್ಯಾನಗರದ, ಶಿಬಿರದಲ್ಲಿ ಕೂಡಿಹಾಕಿದರು. 1915–16ರಲ್ಲಿ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಬಹಳ ಜನರನ್ನು ಊರಿಗೆ ಕಳಿಸಿದರು. ಕಾರ್ಖಾನೆಗಳು ಕೈಬದಲಾಗಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಹೋದವು. ಎರಡನೆಯ ಮಹಾಯುದ್ಧದಲ್ಲಿ ಪುಣೆಯ ಬಳಿಯ ಪುರಂದರ ಕೋಟೆಯಲ್ಲಿ ಜರ್ಮನ್ ಕುಟುಂಬಗಳನ್ನು ಇರಿಸಿದ್ದರು. ಸೆರೆಯವರ ಪಟ್ಟಿ, ಹಡಗಿನ ಪಟ್ಟಿ, ಜಿನೀವಾದ ರೆಡ್ ಕ್ರಾಸಿನ ಚೀಟಿಗಳು: ಕಷ್ಟಕಾಲವೂ ಅವರಿಗೆ ಕಾಗದವನ್ನೇ ಬಿಟ್ಟುಹೋಯಿತು. ಜರ್ಮನನು ಊರಿಗೆ ಹೋದ ಮೇಲೆ ಅವನ ಮಗ್ಗದ ಮುಂದೆ ಉಳಿದ ಕೆಲಸಗಾರನ ಗತಿಯೇನಾಯಿತು? ಅವನು ಮಿಶನ್ನಿನ ಸಭೆಗೆ ಸೇರಿದವನಾಗಿದ್ದರೆ ಸಭೆಯ ರಿಜಿಸ್ಟರಿನಲ್ಲಿ ಅವನ ಮದುವೆ ಮಕ್ಕಳ ಲೆಕ್ಕ ಸಿಕ್ಕೀತು. ಸೇರದೆ ಇದ್ದವನು ಕೂಲಿ ಪಟ್ಟಿಯೊಡನೆಯೇ ಮರೆಯಾದ.

ಈಗ ನಮ್ಮ ಟ್ರಂಕಿನ ಬಳಿ ಬಂದೆವು.

ನಮ್ಮಲ್ಲಿ ವಂಶ ಬರೆದಿಡುವ ಪದ್ಧತಿಯೇ ಇರಲಿಲ್ಲವೆಂದು ತಿಳಿಯಬಾರದು. ಬೆಳಗಾವಿ, ಧಾರವಾಡ, ವಿಜಾಪುರದ ಕಡೆಯವರಿಗೆ ಹೆಳವರನ್ನು ನೆನಪಿಸಬೇಕಾಗಿಲ್ಲ. ಎತ್ತನ್ನೇರಿ ಸುಗ್ಗಿಯ ಕಾಲಕ್ಕೆ ಮನೆಯ ಮುಂದೆ ಬಂದು ಏಳೆಂಟು ತಲೆಮಾರಿನ ಹೆಸರುಗಳನ್ನು ಒದರಿ, ಹೊಸದಾಗಿ ಹುಟ್ಟಿದ ಕೂಸಿನ ಹೆಸರನ್ನು ಸೇರಿಸಿಕೊಂಡು, ಕಾಳು ಪಡೆದು ಹೋಗುವವರು ಅವರು. ನಾಸಿಕ, ಕಾಶಿ ಮುಂತಾದ ಕ್ಷೇತ್ರಗಳ ಪುರೋಹಿತರ ವಹಿಗಳಲ್ಲಿ ಯಾತ್ರೆಗೆ ಬಂದವರ ಊರು ಹೆಸರುಗಳಿವೆ. ಇಲ್ಲಿಯೇ ಪುಣೆಯಲ್ಲಿ ಪೇಶವೆ ದಫ್ತರವಿದೆ. ಮೋಡಿ ಬಲ್ಲವರಿಗೆ ಅಲ್ಲಿ ಕರ್ನಾಟಕದ ಹಳ್ಳಿಗಳ ಲೆಕ್ಕವೂ ಸಿಗುತ್ತದೆ. ಆದರೆ ಹೆಳವನು ಹೊಲದ ಒಡೆಯನ ಮನೆಗೆ ಬರುತ್ತಾನೆ. ಚಾಳಿನ ಕೋಣೆಗೆ ಬರುವುದಿಲ್ಲ. ಊರು ಬಿಟ್ಟವನ ಮಗನ ಹೆಸರು ಅವನ ಪಟ್ಟಿಗೆ ಏರುವುದು ಹೇಗೆ?

ಆದುದರಿಂದ ನಮ್ಮ ಬೇರನ್ನು ನಾವೇ ಹುಡುಕಬೇಕು. ಹೇಗೆಂಬುದನ್ನು ಹೇಳುತ್ತೇವೆ.

ಬದುಕಿರುವವರಿಂದ ಆರಂಭಿಸಬೇಕು, ಸತ್ತವರಿಂದಲ್ಲ. ಮನೆಯ ಹಿರಿಯ ಹೆಂಗಸನ್ನು ಮೊದಲು ಕೇಳಿರಿ. ಯಾರ ಮದುವೆ ಯಾವ ಬರಗಾಲದ ವರ್ಷ ಆಯಿತೆಂಬುದು ಅವಳಿಗೆ ಗೊತ್ತು. ಆ ಮೇಲೆ ಒಂದೊಂದು ತಲೆಮಾರು ಹಿಂದೆ ಸರಿಯಬೇಕು. ಒಂದು ಮಾತಿಗೆ ಒಂದು ಕಾಗದ ಸಾಲದು, ಎರಡು ಕೂಡಿದರೆ ನಂಬಬಹುದು.

ಅಜ್ಜನ ಊರು ಆಗ ಯಾವ ಸರಕಾರದಲ್ಲಿತ್ತೆಂಬುದನ್ನು ನೋಡಬೇಕು. 1956ರ ಮೊದಲು ಧಾರವಾಡ, ಬೆಳಗಾವಿ, ವಿಜಾಪುರ ಮುಂಬಯಿಯಲ್ಲಿದ್ದವು. ದಕ್ಷಿಣ ಕನ್ನಡ ಮದರಾಸಿನಲ್ಲಿತ್ತು. ಕಲಬುರ್ಗಿ, ಬೀದರ, ರಾಯಚೂರು ಹೈದರಾಬಾದಿನಲ್ಲಿದ್ದವು. ಒಬ್ಬರ ಅಜ್ಜನ ಕಾಗದ ಮೋಡಿಯಲ್ಲಿದ್ದರೆ ಇನ್ನೊಬ್ಬರದು ಉರ್ದುವಿನಲ್ಲಿ ಇರಬಹುದು. ಓದಲಾಗದ ಕಾಗದವನ್ನು ಒಲೆಗೆ ಹಾಕುವ ಮೊದಲು ಓದಬಲ್ಲವರಿಗೆ ತೋರಿಸಿರಿ.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಊರಿನಲ್ಲಿ ನಮ್ಮ ಹೆಸರಿನ ಮುಂದೆ ಊರೂ ತಂದೆಯ ಹೆಸರೂ ಇರುತ್ತಿದ್ದವು. ಇಲ್ಲಿನ ಮಸ್ಟರಿನಲ್ಲಿ ಅಡ್ಡಹೆಸರು ಬೇಕು. ಗುಮಾಸ್ತ ಅಥಣಿಯವನನ್ನು ಅಥಣೀಕರ ಮಾಡಿದ. ಕರಾವಳಿಯಿಂದ ಬಂದ ನಾಲ್ಕು ಜಾತಿಯವರನ್ನು ಒಂದೇ ಹೆಸರಿನಲ್ಲಿ ಕರೆದ. ಬದಲಿ ಕೆಲಸಕ್ಕೆ ಹೋದವನು ಇನ್ನೊಬ್ಬನ ಹೆಸರಿನಲ್ಲಿಯೇ ದುಡಿದದ್ದೂ ಉಂಟು. ಅಣ್ಣನ ಕಾಗದದಲ್ಲಿ ಒಂದು ಅಡ್ಡಹೆಸರು, ತಮ್ಮನದರಲ್ಲಿ ಇನ್ನೊಂದು; ಮಕ್ಕಳ ಕಾಲಕ್ಕೆ ಅವರು ಬೇರೆ ಮನೆತನದವರೇ ಆಗಿಬಿಡುತ್ತಾರೆ.

ತುಳುನಾಡಿನ ಅಳಿಯಸಂತಾನದ ಮನೆಯವರು ಇನ್ನೊಂದು ಮಾತು ನೆನಪಿಡಬೇಕು. ಹಳೆಯ ಪತ್ರದಲ್ಲಿ ‘ಯಜಮಾನ’ ಎಂದು ಸಹಿ ಮಾಡಿದವನು ನಿಮ್ಮ ಅಜ್ಜನಲ್ಲದೆ ಅಜ್ಜಿಯ ಅಣ್ಣನೋ ತಮ್ಮನೋ ಆಗಿರಬಹುದು. ಅಲ್ಲಿ ಪಾಲುಪಟ್ಟಿ ನಡೆಯುವುದು ತಾಯಂದಿರ ಕವರುಗಳ ಮೇಲೆ. ತಂದೆಯ ಹೆಸರು ಹಿಡಿದು ಹುಡುಕಿದರೆ ದಾರಿ ತಪ್ಪುತ್ತದೆ.

ಇನ್ನು ಉಯಿಲು. ಇಲ್ಲಿನವರು ಇದನ್ನು ಮೃತ್ಯುಪತ್ರ ಎನ್ನುತ್ತಾರೆ. ಅದನ್ನು ಓದುವಾಗ ನಾಲ್ಕು ಸಂಗತಿ ನೋಡಬೇಕು: ಯಾರಿಗೆ ಕೊಟ್ಟ, ಏನು ಕೊಟ್ಟ, ಸಾಕ್ಷಿ ಹಾಕಿದವರು ಯಾರು, ಯಾರ ಹೆಸರನ್ನು ಬಿಟ್ಟ. ಸಾಕ್ಷಿಗಳು ಬಹುಮಟ್ಟಿಗೆ ನೆಂಟರೋ ನೆರೆಯವರೋ ಆಗಿರುವುದರಿಂದ ಅವರ ಮನೆಯಲ್ಲಿಯೂ ನಿಮ್ಮವರ ಸುದ್ದಿ ಸಿಕ್ಕೀತು. ಹೆಸರು ಬಿಟ್ಟುಹೋದವರು ಸತ್ತವರೇ ಆಗಿರಬೇಕೆಂದಿಲ್ಲ. ಜಗಳವಾಡಿ ಊರು ಬಿಟ್ಟು ಪುಣೆಗೆ ಬಂದವರೂ ಆಗಿರಬಹುದು! ‘ತಮ್ಮ’ ಎಂದು ಬರೆದದ್ದು ಚಿಕ್ಕಪ್ಪನ ಮಗನಿಗೂ ಸಲ್ಲುತ್ತದೆ. ನೋಂದಣಿಯಾದ ಉಯಿಲು ಸಬ್ ರಿಜಿಸ್ಟ್ರಾರರ ಕಚೇರಿಯ 3ನೆಯ ಪುಸ್ತಕದಲ್ಲಿ ಇರುತ್ತದೆ. ಬರೆದವನು ಬದುಕಿರುವವರೆಗೆ ಅದರ ನಕಲು ಪರರಿಗೆ ಸಿಗದು. ಸತ್ತ ಮೇಲೆ ಅರ್ಜಿ ಹಾಕಿದವರಿಗೆ ಸಿಗುತ್ತದೆ.

ಇದೆಲ್ಲ ಬರಿಯ ಕುತೂಹಲವೆಂದು ಬಗೆಯಬಾರದು. ಮಹಾರಾಷ್ಟ್ರದಲ್ಲಿ ಜಾತಿಯ ದಾಖಲೆ ಪಡೆಯಲು ಮನೆತನ ಗೊತ್ತುಮಾಡಿದ ದಿನಕ್ಕೆ ಮೊದಲೇ ಇಲ್ಲಿ ನೆಲೆಸಿತ್ತೆಂದು ತೋರಿಸಬೇಕಾಗುತ್ತದೆ: ಪರಿಶಿಷ್ಟ ಜಾತಿಯವರಿಗೆ 10 ಆಗಸ್ಟ್ 1950, ಪರಿಶಿಷ್ಟ ಪಂಗಡದವರಿಗೆ 6 ಸೆಪ್ಟೆಂಬರ್ 1950, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 21 ನವೆಂಬರ್ 1961, ಇತರ ಹಿಂದುಳಿದ ವರ್ಗದವರಿಗೆ 13 ಅಕ್ಟೋಬರ್ 1967. ಅಜ್ಜ 1958ರಲ್ಲಿ ಇಲ್ಲಿಯ ಗಿರಣಿಯಲ್ಲಿ ದುಡಿಯುತ್ತಿದ್ದರೆಂದು ಮನೆಮಂದಿಗೆಲ್ಲ ಗೊತ್ತು. ಕಚೇರಿಯ ಮೇಜಿಗೆ ಮನೆಮಂದಿಯ ನೆನಪು ಸಲ್ಲದು. ಅದಕ್ಕೆ ಅಜ್ಜನ ಹಾಜರಿ ಚೀಟಿ ಬೇಕು, ಪ್ರಾವಿಡೆಂಟ್ ಫಂಡಿನ ಕಾಗದ ಬೇಕು, ತಂದೆಯ ಶಾಲೆಯ ದಾಖಲೆ ಬೇಕು. ಆ ಚೀಟಿಯನ್ನು ಇಲಿ ತಿಂದಿದ್ದರೆ ಮೊಮ್ಮಗಳ ಕಾಲೇಜಿನ ಸೀಟನ್ನೂ ಇಲಿ ತಿಂದಂತೆಯೇ. ಊರಿನ ಆಸ್ತಿಯ ಪಾಲಿನ ವಿಷಯವೂ ಹೀಗೆಯೇ. ಮೂವತ್ತು ವರ್ಷ ಹಣ ಕಳಿಸಿ ಮನೆ ಕಟ್ಟಿಸಿದವನ ಹೆಸರು ಖಾತೆಯಲ್ಲಿ ಇಲ್ಲದಿದ್ದರೆ ಅವನ ಮನಿಆರ್ಡರ್ ರಸೀದಿಗಳೇ ಅವನ ಪರವಾಗಿ ಮಾತಾಡಬೇಕು.

ಆಸ್ತಿಗಿಂತ ದೊಡ್ಡ ಮಾತು ಇನ್ನೊಂದಿದೆ. ಹೋಟೆಲಿನ ಮಾಳಿಗೆಯಲ್ಲಿ ಮಲಗಿದ್ದ ಒಬ್ಬಂಟಿ ಅಡಿಗೆಯವನು ರಾತ್ರಿ ತೀರಿಕೊಂಡರೆ ಬೆಳಿಗ್ಗೆ ಜೊತೆಗಾರರು ಕೇಳುವ ಮೊದಲ ಮಾತು ‘ಇವನ ಊರು ಯಾವುದು?’ ಎಂಬುದು. ಹತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡವರಿಗೂ ತಾಲೂಕಿನ ಹೆಸರು ಗೊತ್ತಿರುವುದಿಲ್ಲ. ನೂರ ಎಂಬತ್ತು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಸತ್ತ ಜರ್ಮನನ ಊರು ಇಂದಿಗೂ ಗೊತ್ತು. ನಿನ್ನೆ ನಮ್ಮ ಪಕ್ಕದಲ್ಲಿ ಸತ್ತವನ ಊರು ಗೊತ್ತಿಲ್ಲ! ಇದರಲ್ಲಿ ಬಡತನದ ತಪ್ಪು ಸ್ವಲ್ಪ, ನಮ್ಮ ಉದಾಸೀನದ ತಪ್ಪು ಬಹಳ.

ಆದುದರಿಂದ ನಮ್ಮ ಸೂಚನೆ ಇಷ್ಟು. ಒಬ್ಬೊಬ್ಬರೂ ಒಂದೊಂದು ನೂರು ಪುಟದ ನೋಟ್‌ಬುಕ್ಕು ಕೊಳ್ಳಿರಿ. ನಿಮ್ಮ ಹೆಸರು, ಊರು, ತಾಲೂಕು. ತಂದೆತಾಯಿಯರ ಮತ್ತು ಇಬ್ಬರು ಅಜ್ಜಅಜ್ಜಿಯರ ಹೆಸರು. ಹೆಣ್ಣುಮಕ್ಕಳ ತವರಿನ ಹೆಸರು. ಪುಣೆಗೆ ಬಂದ ವರ್ಷ, ದುಡಿದ ಜಾಗಗಳು, ಜೊತೆಗೆ ಕರೆತಂದವರು: ಇಷ್ಟನ್ನು ಬರೆಯಿರಿ. ಬರೆಯಲು ಬಾರದವರಿಗೆ ಬರುವವರು ಬರೆದುಕೊಡಲಿ. ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿರಿ. ಮೊಬೈಲಿನಲ್ಲಿ ಚಿತ್ರ ತೆಗೆದು ಊರಿನ ಒಬ್ಬರಿಗೂ ಕಳಿಸಿರಿ. ಕೊಡಲು ಏನಾದರೂ ಇದ್ದವರು ಉಯಿಲು ಬರೆಯಿರಿ. ಅದಕ್ಕೆ ಛಾಪಾಕಾಗದ ಬೇಕಿಲ್ಲ, ಬಿಳಿಯ ಹಾಳೆ ಸಾಕು. ಎರಡು ಸಾಕ್ಷಿಗಳ ಮುಂದೆ ಸಹಿ ಮಾಡಿ, ಅವರ ಸಹಿಯನ್ನೂ ಪಡೆಯಬೇಕು. ಕೊಡುವವರ ಪಟ್ಟಿಯಲ್ಲಿ ಹೆಂಡತಿಯನ್ನೂ ಹೆಣ್ಣುಮಕ್ಕಳನ್ನೂ ಮರೆಯಬಾರದು.

ನಮ್ಮ ಸಂಘವೂ ಒಂದು ದೊಡ್ಡ ಪುಸ್ತಕ ಇಡಲಿ. ಸದಸ್ಯನಾಗಲಿ ಅಲ್ಲದಿರಲಿ, ಈ ಊರಿನಲ್ಲಿ ದುಡಿಯುವ ಕನ್ನಡಿಗನ ಹೆಸರು, ಊರು, ಸುದ್ದಿ ತಿಳಿಸಬೇಕಾದ ಬಂಧುವಿನ ವಿಳಾಸ ಅದರಲ್ಲಿರಲಿ. ಜರ್ಮನ್ ನೇಕಾರನನ್ನು ಉಳಿಸಿದ್ದು ಅವನ ಸಂಸ್ಥೆಯ ಗುಮಾಸ್ತನ ಲೇಖನಿ. ನಮ್ಮವರನ್ನು ಉಳಿಸುವ ಲೇಖನಿ ನಮ್ಮ ಕೈಯಲ್ಲಿಯೇ ಇದೆ. ಬರುವ ಭಾನುವಾರ ಪುಸ್ತಕದ ಮೊದಲ ಹಾಳೆ ತೆರೆಯೋಣ. ಹಿರಿಯರ ಹೆಸರುಗಳು ಮೊದಲು ಬರಲಿ.